ಕಲ್ಪತರು ನಾಡಿನ ದಾರಿಗೆ ಯಾವ ಗೇರ್ ಲಿವರ್?

ಕಿಬ್ಬನಹಳ್ಳಿ ಕ್ರಾಸ್ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ. ಬಸ್ಸಿನ ಕಂಡಕ್ಟರಿಂದ ಹಿಡಿದು ಕೊಬ್ಬರಿ ವ್ಯಾಪಾರಿಯವರೆಗೆ ಎಲ್ಲರ ಬಾಯಲ್ಲೂ ಅದು ಕೆ.ಬಿ. ಕ್ರಾಸ್. ತುಮಕೂರು, ಗುಬ್ಬಿ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ತಿಪಟೂರು, ಅರಸೀಕೆರೆಯತ್ತ ಸಾಗುತ್ತದೆ. ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವ 150ಎ ಹೆದ್ದಾರಿ ಅದನ್ನು ಇಲ್ಲೇ ಅಡ್ಡಹಾಯ್ದು ತುರುವೇಕೆರೆ, ಮಾಯಸಂದ್ರ, ನಾಗಮಂಗಲದ ದಿಕ್ಕು ಹಿಡಿಯುತ್ತದೆ. ಮೂರು ತಾಲ್ಲೂಕಿನ ತೆಂಗು, ಕೊಬ್ಬರಿ, ನಾರು ಓಡಾಡುವುದು ಈ ದಾರಿಗಳಲ್ಲೇ. ರೋಡ್ ಸೈಕಲ್ ತುಳಿಯುವವರಿಗೂ ಇಲ್ಲಿಂದ ನಾಲ್ಕು ದಿಕ್ಕಿಗೂ ಒಳ್ಳೆಯ ಓಟ ಸಿಗುತ್ತದೆ: ತೋಟದ ನೆರಳು, ಕೆರೆ ಏರಿ, ಬಯಲು, ಮತ್ತೆ ತೋಟ.

ಈ ದಾರಿಗಳಲ್ಲಿ ಈಗ ಹಳೆಯ ಉಕ್ಕಿನ ರೋಡ್ ಸೈಕಲ್‌ಗಳೂ ಆಗಾಗ ಕಾಣಿಸುತ್ತವೆ. ಬೆಂಗಳೂರಿನಲ್ಲಿ ಕೈ ಬದಲಾದವು, ಹೊರದೇಶದಿಂದ ಮರಳಿದವರು ಜತೆಗೆ ತಂದವು, ಬಿಡಿಭಾಗ ಕೂಡಿಸಿ ಕಟ್ಟಿಕೊಂಡವು. ಇವನ್ನು ದೂರದಿಂದಲೇ ಗುರುತು ಹಿಡಿಯಬಹುದು. ಹ್ಯಾಂಡಲ್ ಮೇಲೆ ಗೇರಿನ ಗುಂಡಿ ಇರುವುದಿಲ್ಲ. ಹ್ಯಾಂಡಲ್ಲಿನ ಬುಡದಿಂದ ಪೆಡಲ್ಲಿನ ಕಡೆಗೆ ಓರೆಯಾಗಿ ಇಳಿಯುವ ಕೊಳವೆಗೆ, ಅಂದರೆ ಡೌನ್‌ಟ್ಯೂಬಿಗೆ, ಎಡಕ್ಕೊಂದು ಬಲಕ್ಕೊಂದು ಪುಟ್ಟ ಲಿವರ್ ಕೂತಿರುತ್ತದೆ. ಗೇರ್ ಬದಲಿಸಬೇಕಾದರೆ ಸವಾರ ಒಂದು ಕೈಯನ್ನು ಹ್ಯಾಂಡಲ್‌ನಿಂದ ತೆಗೆದು ಮೊಣಕಾಲಿನ ಬಳಿಗೆ ಇಳಿಸಬೇಕು.

ಇಂಥ ಲಿವರ್‌ಗಳಲ್ಲಿ ಇಟಲಿಯದು, ಫ್ರಾನ್ಸಿನದು, ಜಪಾನಿನದು ಎಂದು ಹಲವು ಕುಲಗಳಿವೆ. ನೋಡಲು ಎಲ್ಲವೂ ಒಂದೇ ಥರ, ಒಳಗಿನ ಏರ್ಪಾಡು ಬೇರೆ ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದಾರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ? ಹೊಳಪು, ಹೆಸರು, ಸಂಗ್ರಹಕಾರರು ಕಟ್ಟುವ ಬೆಲೆ ಇವನ್ನೆಲ್ಲ ಬದಿಗಿಟ್ಟು ಮೂರು ಗುಣಗಳಿಂದ ಇವನ್ನು ಅಳೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹಾಕಿದ ಗೇರು ಹಾಕಿದಲ್ಲೇ ನಿಲ್ಲಬೇಕು. ಲಿವರ್ ಏನು ಮಾಡುತ್ತಿದೆ ಎಂಬುದು ಕೈಗೂ ಕಿವಿಗೂ ತಿಳಿಯಬೇಕು. ಕೆಟ್ಟರೆ ಹತ್ತಿರದ ಪಂಕ್ಚರ್ ಅಂಗಡಿಯ ಸ್ಪಾನರ್, ಸ್ಕ್ರೂಡ್ರೈವರ್‌ಗಳಿಂದಲೇ ಸರಿಹೋಗಬೇಕು.

ದಾರಿ ಏನು ಕೇಳುತ್ತದೆ?

ತಿಪಟೂರು ಸಮುದ್ರಮಟ್ಟದಿಂದ 850 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಇಲ್ಲಿನ ನೆಲ ಮಲೆನಾಡಿನಂತೆ ಏರುವುದಿಲ್ಲ, ಪೂರ್ತಿ ಸಮತಟ್ಟೂ ಅಲ್ಲ. ಕಣ್ಣಿಗೆ ಮಟ್ಟಸವಾಗಿ ಕಾಣುವ ರಸ್ತೆ ಕಾಲಿಗೆ ಏರೆಂದು ಗೊತ್ತಾಗುತ್ತದೆ. ತಿಪಟೂರಿನಿಂದ ನೊಣವಿನಕೆರೆಯ ಮೇಲೆ ತುರುವೇಕೆರೆಗೆ ಹೋಗುವ ದಾರಿಯಾಗಲಿ, ಚಿಕ್ಕನಾಯಕನಹಳ್ಳಿ ಸೀಮೆಯ ಒಳದಾರಿಗಳಾಗಲಿ, ಅರ್ಧ ಕಿಲೋಮೀಟರ್ ಇಳಿದು ಮತ್ತರ್ಧ ಏರುತ್ತಲೇ ಇರುತ್ತವೆ. ಗಟ್ಟಿ ಏರು ಬೇಕೆಂದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಸಾಲಿಗೆ, ಮದಲಿಂಗನ ಕಣಿವೆಗೆ, ಬೋರನಕಣಿವೆ ಜಲಾಶಯದ ಕಡೆಗೆ ಹೋಗಬೇಕು.

ಈ ನಾಡಿನ ಸವಾರಿಗೆ ಲಯ ಕೊಡುವುದು ಕೆರೆ ಏರಿ. ಏರಿಯ ಬುಡದಲ್ಲಿ ರಸ್ತೆ ಥಟ್ಟನೆ ಮೇಲೇಳುತ್ತದೆ. ನಾಲ್ಕೈದು ಪೆಡಲಿನಷ್ಟು ಕಡಿದಾದ ಏರು ಮುಗಿದರೆ ಮೇಲೆ ಉದ್ದಕ್ಕೂ ಸಮತಟ್ಟು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ, ತೋಟ. ಕೋಡಿಯ ಹತ್ತಿರ ರಸ್ತೆ ಕುಸಿದು ಮತ್ತೆ ಏಳುತ್ತದೆ, ಕೊನೆಗೆ ಜಾರಿದಂತೆ ಇಳಿಯುತ್ತದೆ. ಒಂದೇ ಕೆರೆ ದಾಟುವಷ್ಟರಲ್ಲಿ ಗೇರನ್ನು ನಾಲ್ಕು ಸಲ ಮುಟ್ಟಬೇಕಾಗುತ್ತದೆ. ಬುಡದಲ್ಲಿ ಹಗುರ, ಮೇಲೆ ಬಿಗಿ, ಕೋಡಿಯಲ್ಲಿ ಮತ್ತೆ ಹಗುರ, ಇಳಿಜಾರಿನಲ್ಲಿ ಮತ್ತಷ್ಟು ಬಿಗಿ. ಡೌನ್‌ಟ್ಯೂಬ್ ಲಿವರ್ ಇರುವವನು ಏರಿ ಕಣ್ಣಿಗೆ ಬಿದ್ದ ಕೂಡಲೇ ಕೈ ಇಳಿಸಿರಬೇಕು. ಏರು ಕಾಲಿಗೆ ತಟ್ಟಿದ ಮೇಲೆ ಕೈ ಹಾಕಿದರೆ ಚೈನು ಬಿಗಿದಿರುತ್ತದೆ, ಗೇರು ಬೀಳುವುದಿಲ್ಲ.

ಎರಡನೆಯದು ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಎದ್ದಾಗ ತೋಟದ ಒಳಗೆ ಸೈಕಲ್ ಹಾಯಾಗಿ ಸಾಗುತ್ತದೆ. ತೋಟ ಮುಗಿದು ಬಯಲು ಬಂದೊಡನೆ ಎದೆಗೆ ಕೈ ಇಟ್ಟು ತಳ್ಳಿದ ಹಾಗಾಗುತ್ತದೆ. ಆಗ ಬೇಕಾಗುವುದು ಒಂದೇ ಹಲ್ಲುಚಕ್ರದಷ್ಟು ಸಣ್ಣ ಬದಲಾವಣೆ. ಮೂರನೆಯದು ದೂಳು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಕೆಮ್ಮಣ್ಣು, ಮರಳು, ನಾರಿನ ಘಟಕಗಳ ಬಳಿ ಗಾಳಿಗೆ ಏಳುವ ಸಿಪ್ಪೆಯ ಪುಡಿ. ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಜತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆಯುವವರೆಗೆ ಚಿಕ್ಕನಾಯಕನಹಳ್ಳಿ ಸೀಮೆಯ ಹಲವು ರಸ್ತೆಗಳ ಮೇಲೆ ಅದಿರಿನ ಲಾರಿಗಳ ದೂಳೂ ಕೂತಿತ್ತು. ಎಣ್ಣೆ ಹಚ್ಚಿದ ಚೈನು ಇಂಥಲ್ಲಿ ಒಂದೇ ದಿನಕ್ಕೆ ಬಣ್ಣ ಬದಲಿಸುತ್ತದೆ.

ಗೇರಿಲ್ಲದ ಸೈಕಲ್ಲಿನ ನಾಡು

ಈ ಸೀಮೆಯ ಸೈಕಲ್ ಚರಿತ್ರೆ ಗೇರಿಲ್ಲದ್ದು. ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೊ 1956ರಲ್ಲಿ ಆರಂಭವಾದವು. ಇವು ಕಟ್ಟಿದ ಕಪ್ಪು ಸೈಕಲ್ ತೆಂಗಿನಕಾಯಿಯ ಚೀಲವನ್ನೂ ಹಾಲಿನ ಕ್ಯಾನನ್ನೂ ಮನೆಮಂದಿಯನ್ನೂ ಹೊತ್ತಿದೆ. ಎಳನೀರಿನ ಗೊನೆಗಳನ್ನು ಎರಡೂ ಬದಿಗೆ ಇಳಿಬಿಟ್ಟುಕೊಂಡು ಹೋಗುವವನಿಗೆ ಸೈಕಲ್ ತುಳಿಯುವ ಯಂತ್ರವಾಗಿದ್ದಷ್ಟೇ ತಳ್ಳುವ ಗಾಡಿಯೂ ಹೌದು. ಏರು ಬಂದಲ್ಲಿ ಇಳಿದು ತಳ್ಳುತ್ತಾನೆ. ಅವನಿಗೆ ಗೇರಿಗಿಂತ ಕ್ಯಾರಿಯರ್ ಮುಖ್ಯ. ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳಿಗೂ ಗೇರಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಆ ಒಂದೇ ಗೇರು ಎಷ್ಟು ವಿವೇಕದ ಆಯ್ಕೆ ಎಂದು ತಿಳಿಯುತ್ತದೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಕಪ್ಪು ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. 1970ರ ದಶಕದ ರೇಸ್ ಸೈಕಲ್ಲಿನಲ್ಲಿ ಮುಂದೆ 52 ಮತ್ತು 42 ಹಲ್ಲಿನ ಎರಡು ಚಕ್ರ, ಹಿಂದೆ 14ರಿಂದ 24ರವರೆಗೆ ಐದು ಚಕ್ರ ಇದ್ದವೆಂದುಕೊಳ್ಳಿ. ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಸುಮಾರು 3.7 ಮೀಟರ್, ಅತಿ ಬಿಗಿಯಲ್ಲಿ 7.8 ಮೀಟರ್. ನಮ್ಮ ಒಂಟಿ ಗೇರು ಇವೆರಡರ ನಟ್ಟನಡುವೆ ನಿಲ್ಲುತ್ತದೆ. ಹೊರೆಯಿಲ್ಲದೆ ದೂರ ಹೋಗಬೇಕೆನ್ನುವವನಿಗೆ, ದಿನಕ್ಕೆ ನೂರು ಕಿಲೋಮೀಟರ್ ತುಳಿಯಬೇಕೆನ್ನುವವಳಿಗೆ ಆ ನಡುವಿನ ಆಚೀಚೆಯ ಹರವು ಬೇಕು. ಹರವಿನಲ್ಲಿ ಬೇಕಾದ ಜಾಗಕ್ಕೆ ಒಯ್ಯುವುದು ಲಿವರಿನ ಕೆಲಸ.

ಓರೆ ಕೊಳವೆಗೆ ಲಿವರ್ ಬಂದದ್ದು

ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಚೈನನ್ನು ಚಕ್ರದಿಂದ ಚಕ್ರಕ್ಕೆ ಹಾಯಿಸುವ ಡಿರೇಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಆ ವರ್ಷ ಗೆದ್ದ ರೋಜೆ ಲಾಪೆಬಿ ಡಿರೇಲರ್ ಬಳಸಿ ಗೆದ್ದವರಲ್ಲಿ ಮೊದಲಿಗ. ಅದಕ್ಕೂ ಮುಂಚೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ ತಿರುಗಿಸಿ ಹಾಕಿಕೊಳ್ಳುವ ಕಷ್ಟವಿತ್ತು. ಇಟಲಿಯ ವಿಚೆಂಜಾದ ತುಲ್ಲಿಯೊ ಕ್ಯಾಂಪನ್ಯೋಲೊ 1933ರಲ್ಲಿ ಕಂಪನಿ ಕಟ್ಟಿದರು. 1940ರ ದಶಕದ ಅವರ ಕಾಂಬಿಯೊ ಕೋರ್ಸಾ ಗೇರಿನಲ್ಲಿ ಸವಾರ ಓಟದಲ್ಲೇ ಬೆನ್ನ ಹಿಂದಕ್ಕೆ ಕೈ ಚಾಚಿ ಹಿಂಗಾಲಿಯ ಬಳಿಯ ಸರಳುಗಳನ್ನು ತಿರುಗಿಸಬೇಕಿತ್ತು. ಅವರದೇ ಗ್ರಾನ್ ಸ್ಪೋರ್ಟ್ ಡಿರೇಲರ್ 1949ರಲ್ಲಿ ಪ್ರದರ್ಶನ ಕಂಡು 1951ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ನಾಲ್ಕು ಮೂಲೆಯ ಸರಿಸಮಾನಾಂತರ ಚೌಕಟ್ಟು, ಅದನ್ನೆಳೆಯಲು ಉಕ್ಕಿನ ಕೇಬಲ್, ಕೇಬಲ್ ಎಳೆಯಲು ಡೌನ್‌ಟ್ಯೂಬಿನ ಮೇಲೊಂದು ಲಿವರ್. ಮುಂದಿನ ನಾಲ್ಕು ದಶಕ ರೇಸಿನ ಸೈಕಲ್ಲುಗಳಿಗೆ ಇದೇ ಮಾದರಿಯಾಯಿತು.

ಲಿವರ್ ಅಲ್ಲೇ ಕೂತದ್ದಕ್ಕೆ ಗಟ್ಟಿ ಕಾರಣವಿದೆ. ಅಲ್ಲಿಂದ ಕೇಬಲ್ ನೇರವಾಗಿ ಕೆಳಗಿಳಿದು, ಪೆಡಲಿನ ಅಚ್ಚಿನ ಬಳಿ ಒಮ್ಮೆ ಬಾಗಿ ಹಿಂದಕ್ಕೆ ಓಡುತ್ತದೆ. ಹೊರಕವಚ ಬೇಕಾಗುವುದು ಹಿಂದಿನ ಡಿರೇಲರಿನ ಹತ್ತಿರದ ಒಂದು ಗೇಣಿಗೆ ಮಾತ್ರ, ಮಿಕ್ಕಿದ್ದೆಲ್ಲ ಬಯಲು ತಂತಿ. ಹ್ಯಾಂಡಲ್ ಮೇಲಿನ ಗೇರಿಗಾದರೆ ಟೇಪಿನ ಕೆಳಗೆ ಸುತ್ತಿ ಬರುವ ಉದ್ದ ಕವಚ ಬೇಕು. ಕವಚ ಉದ್ದವಾದಷ್ಟೂ ಅದರೊಳಗೆ ನೀರು, ದೂಳು ಸೇರಿ ತಂತಿ ಬಿಗಿಯುತ್ತದೆ. ನಮ್ಮ ಕೆಮ್ಮಣ್ಣಿನ ದಾರಿಗೆ ಡೌನ್‌ಟ್ಯೂಬ್ ಲಿವರಿನ ಮೊದಲ ಉಪಕಾರ ಇದೇ. ಬಯಲು ತಂತಿಯನ್ನು ಒಂದು ಬಟ್ಟೆಯಿಂದ ಒರೆಸಿದರೆ ಅರ್ಧ ಸರ್ವೀಸ್ ಆದಂತೆ.

ಈ ಲಿವರ್‌ಗಳೆಲ್ಲ ಎದುರಿಸಬೇಕಾದ ತೊಡಕು ಒಂದೇ. ಹಿಂದಿನ ಡಿರೇಲರಿನೊಳಗೆ ಒಂದು ಸ್ಪ್ರಿಂಗ್ ಇದ್ದು ಅದು ಕೇಬಲನ್ನು ಸದಾ ತನ್ನತ್ತ ಎಳೆಯುತ್ತಿರುತ್ತದೆ. ಲಿವರಿನ ಹಿಡಿತ ಆ ಎಳೆತಕ್ಕಿಂತ ಹೆಚ್ಚಿರಬೇಕು. ಹಿಡಿತ ಸಡಿಲಾದರೆ ಲಿವರ್ ತಾನಾಗಿ ಮುಂದಕ್ಕೆ ಜಾರಿ ಚೈನು ಚಿಕ್ಕ ಚಕ್ರಕ್ಕೆ ಬೀಳುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಹೀಗಾದರೆ ಮೊಣಕಾಲಿಗೆ ಪೆಟ್ಟು. ಹಿಡಿತ ಅತಿಯಾದರೆ ಲಿವರ್ ಎಳೆಯಲು ಬೆರಳು ಸೋಲುತ್ತದೆ. ಈ ತೊಡಕನ್ನು ಬಿಡಿಸಿದ ಬಗೆಯಲ್ಲೇ ಒಂದೊಂದು ಕಂಪನಿಯ ಸ್ವಭಾವ ಕಾಣಿಸುತ್ತದೆ.

ಕ್ಯಾಂಪನ್ಯೋಲೊ: ಸರಳ ಘರ್ಷಣೆ

1963ರ ರೆಕಾರ್ಡ್, 1967ರ ನುವೊವೊ ರೆಕಾರ್ಡ್, 1970ರ ದಶಕದ ಸೂಪರ್ ರೆಕಾರ್ಡ್ ಸೆಟ್‌ಗಳ ಜತೆ ಬಂದ ಕ್ಯಾಂಪನ್ಯೋಲೊ ಲಿವರ್‌ಗಿಂತ ಚೆಲುವಾದ ಲಿವರನ್ನು ನಾನು ಕಂಡಿಲ್ಲ. ತೆಳ್ಳನೆಯ ಅಲ್ಯುಮಿನಿಯಂ ತೋಳು, ತುದಿ ಬೆರಳಿಗೆ ಒಪ್ಪುವಂತೆ ತುಸು ಬಾಗಿದೆ. ಒಳಗೆ ಗುಟ್ಟೇನೂ ಇಲ್ಲ. ಲಿವರಿನ ಎರಡೂ ಬದಿಗೆ ವಾಷರ್‌ಗಳು, ನಡುವೆ ಬಿಗಿಯುವ ಒಂದು ಬೋಲ್ಟು, ಬೋಲ್ಟಿನ ತಲೆಯಲ್ಲಿ ಮಡಚುವ ಒಂದು ಬಳೆ. ಓಡುತ್ತಲೇ ಆ ಬಳೆಯನ್ನು ಬೆರಳಿನಿಂದ ತಿರುವಿ ಹಿಡಿತ ಹೆಚ್ಚಿಸಬಹುದು.

ಈ ಸರಳತೆ ಬಲವೂ ಹೌದು, ತೊಂದರೆಯೂ ಹೌದು. ಎರಡೂ ದಿಕ್ಕಿಗೆ ಒಂದೇ ಘರ್ಷಣೆ ಇರುವುದರಿಂದ ಸ್ಪ್ರಿಂಗನ್ನು ತಡೆಯುವಷ್ಟು ಬಿಗಿ ಮಾಡಿದರೆ ಎಳೆಯುವಾಗ ಕೈ ಸ್ಪ್ರಿಂಗನ್ನೂ ಘರ್ಷಣೆಯನ್ನೂ ಒಟ್ಟಿಗೆ ಗೆಲ್ಲಬೇಕು. ರಸ್ತೆಯ ಅದುರಿಗೆ ಬೋಲ್ಟು ಕ್ರಮೇಣ ಸಡಿಲುತ್ತದೆ. ಹಾಗಾಗಿ ನಯವಾದ ಟಾರಿನ ಹೆದ್ದಾರಿ 73ರ ಮೇಲೆ ಈ ಲಿವರ್ ಅರಸನಂತೆ ನಡೆದುಕೊಂಡರೂ ಒಳದಾರಿಯ ಗುಂಡಿಗಳಲ್ಲಿ ಮೇಲಿಂದ ಮೇಲೆ ಬಳೆ ತಿರುವುವ ಕೆಲಸ ಕೊಡುತ್ತದೆ. ದುರಸ್ತಿಗೆ ಮಾತ್ರ ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಬಿಚ್ಚಿ, ತೊಳೆದು, ಒಣಗಿಸಿ, ಅದೇ ಕ್ರಮದಲ್ಲಿ ಜೋಡಿಸಿದರೆ ಹೊಸದರಂತೆ ನಿಲ್ಲುತ್ತದೆ.

ಸಿಂಪ್ಲೆಕ್ಸ್: ಸುತ್ತಿದ ಸ್ಪ್ರಿಂಗಿನ ಜಾಣ್ಮೆ

ಫ್ರಾನ್ಸಿನ ದೀಜೋನ್ ನಗರದಲ್ಲಿ ಲೂಸಿಯಾನ್ ಜುಯಿ 1928ರಲ್ಲಿ ಆರಂಭಿಸಿದ ಸಿಂಪ್ಲೆಕ್ಸ್ ಒಂದು ಕಾಲಕ್ಕೆ ಡಿರೇಲರ್ ಜಗತ್ತಿನ ದೊಡ್ಡ ಹೆಸರು. 1960ರ ದಶಕದಲ್ಲಿ ಅವರು ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿಗೆ ಒಲಿದರು. ಆ ಕಾಲದ ಪ್ಲಾಸ್ಟಿಕ್ ಭಾಗಗಳು ಇಂದು ಬಿರುಕು ಬಿಟ್ಟು ಸಿಗುವುದೇ ಹೆಚ್ಚು. ಆದರೆ 1970ರ ದಶಕದಲ್ಲಿ ಅವರು ತಂದ ರೆಟ್ರೊಫ್ರಿಕ್ಷನ್ ಲಿವರ್ ಗೇರ್ ಲಿವರ್‌ಗಳ ಚರಿತ್ರೆಯಲ್ಲೇ ಎತ್ತರದ ಸಾಧನೆ.

ಇದರೊಳಗೆ ಒಂದು ಉರುಳೆ, ಉರುಳೆಯ ಸುತ್ತ ಬಿಗಿಯಾಗಿ ಸುತ್ತಿಕೊಂಡ ಉಕ್ಕಿನ ಸ್ಪ್ರಿಂಗ್. ಲಿವರನ್ನು ಹಿಂದಕ್ಕೆ ಎಳೆದಾಗ ಸುತ್ತು ತುಸು ಬಿಚ್ಚಿಕೊಳ್ಳುತ್ತದೆ, ಘರ್ಷಣೆ ಮಾಯವಾಗಿ ಕೈಗೆ ಡಿರೇಲರಿನ ಭಾರವಷ್ಟೇ ಸಿಗುತ್ತದೆ. ಕೈ ಬಿಟ್ಟಾಗ ಕೇಬಲಿನ ಎಳೆತವೇ ಸುತ್ತನ್ನು ಬಿಗಿಗೊಳಿಸಿ ಲಿವರನ್ನು ಕಟ್ಟಿಹಾಕುತ್ತದೆ. ಎಳೆಯುವ ದಿಕ್ಕಿಗೆ ಸಲೀಸು, ಜಾರುವ ದಿಕ್ಕಿಗೆ ತಡೆ. ಹಲ್ಲಿಲ್ಲ, ಸದ್ದಿಲ್ಲ, ಹಂತವಿಲ್ಲ. ಬೆರಳು ಬಯಸಿದಲ್ಲಿ ನಿಲ್ಲುತ್ತದೆ. ಸೈಕಲ್ಲಿನ ಮಿಕ್ಕೆಲ್ಲ ಭಾಗ ಕ್ಯಾಂಪನ್ಯೋಲೊದ್ದೇ ಇದ್ದರೂ ಲಿವರ್ ಮಾತ್ರ ಸಿಂಪ್ಲೆಕ್ಸಿನದು ಹಾಕಿಕೊಂಡ ವೃತ್ತಿಪರ ರೇಸಿಗರಿದ್ದರು. ಇದೇ ಏರ್ಪಾಡು ಮಾವಿಕ್ ಹೆಸರಿನ ಲಿವರ್‌ಗಳಲ್ಲೂ ಸಿಗುತ್ತದೆ.

ಗಾಳಿಗೆ ಎದುರಾಗಿ ಒಂದೊಂದೇ ಚಕ್ರ ಬದಲಿಸಬೇಕಾದಾಗ ಇದರ ನಯಕ್ಕೆ ಸಾಟಿಯಿಲ್ಲ. ತೊಡಕಿರುವುದು ದುರಸ್ತಿಯಲ್ಲಿ. ಒಳಗಿನ ಸ್ಪ್ರಿಂಗ್ ಮುರಿದರೆ ಅದೇ ಅಳತೆಯ ಬದಲಿ ಸಿಗುವುದಿಲ್ಲ. ಸಿಂಪ್ಲೆಕ್ಸ್ ಕಂಪನಿ 1980ರ ದಶಕದಲ್ಲೇ ಮರೆಯಾಯಿತು. ಬಿಚ್ಚುವಾಗ ಸ್ಪ್ರಿಂಗ್ ಕೂತ ದಿಕ್ಕನ್ನು ಗಮನಿಸದಿದ್ದರೆ ತಿರುಗಿ ಜೋಡಿಸುವುದೂ ಕಷ್ಟ. ಫ್ರಾನ್ಸಿನದೇ ಇನ್ನೊಂದು ಕಂಪನಿ ಯುರೆ. ಅದರ ಲಿವರ್‌ಗಳು ಹಗುರವಾಗಿ, ಅಗ್ಗವಾಗಿ ಇದ್ದವು, ಆದರೆ ಹಿಡಿತದ ತೊಡಕಿಗೆ ಸಿಂಪ್ಲೆಕ್ಸಿನಷ್ಟು ಒಳ್ಳೆಯ ಉತ್ತರ ಅವುಗಳಲ್ಲಿಲ್ಲ.

ಸನ್‌ಟೂರ್: ಹಲ್ಲಿನ ಹಿಡಿತ

ಜಪಾನಿನ ಮಾಯೆದಾ ಕಂಪನಿಯ ಸನ್‌ಟೂರ್ ಹೆಸರು ನಮ್ಮ ಹುಡುಗರಿಗೆ ಪರಿಚಿತ. ಇಂದಿನ ಎಷ್ಟೋ ಮೌಂಟೇನ್ ಬೈಕುಗಳ ಮುಂಭಾಗದ ಸಸ್ಪೆನ್ಷನ್ ಫೋರ್ಕಿನ ಮೇಲೆ ಎಸ್‌ಆರ್ ಸನ್‌ಟೂರ್ ಎಂದು ಬರೆದಿರುತ್ತದೆ. ಅದು ಆ ಹೆಸರಿನ ಎರಡನೇ ಬದುಕು. ಮೊದಲ ಬದುಕಿನಲ್ಲಿ ಅವರು ಗೇರಿನ ದಿಕ್ಕನ್ನೇ ಬದಲಿಸಿದ್ದರು. ನೊಬುವೊ ಒಜಾಕಿ ರೂಪಿಸಿದ ಓರೆ ಚೌಕಟ್ಟಿನ ಡಿರೇಲರ್‌ಗೆ 1964ರಲ್ಲಿ ಪೇಟೆಂಟ್ ಸಂದಿತು. ಡಿರೇಲರಿನ ಚೌಕಟ್ಟು ಓರೆಯಾಗಿದ್ದುದರಿಂದ ಅದರ ಪುಟ್ಟ ಗಾಲಿ ಪ್ರತಿ ಹಲ್ಲುಚಕ್ರಕ್ಕೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಗುತ್ತಿತ್ತು, ಗೇರು ಚುರುಕಾಗಿ ಬೀಳುತ್ತಿತ್ತು. 1984ರಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಇಡೀ ಉದ್ಯಮ ಆ ವಿನ್ಯಾಸವನ್ನು ಅಪ್ಪಿಕೊಂಡಿತು.

ಅವರ ಪವರ್ ಶಿಫ್ಟರ್ ಲಿವರಿನೊಳಗೆ ಸಣ್ಣ ಹಲ್ಲುಗಳ ಒಂದು ಚಕ್ರ, ಅದಕ್ಕೆ ತಗುಲುವ ಒಂದು ನಾಲಗೆ ಇದೆ. ಹಿಂದಕ್ಕೆಳೆದಾಗ ನಾಲಗೆ ಹಲ್ಲುಗಳ ಮೇಲೆ ಕಿರಿಕಿರಿಯೆಂದು ಹಾರುತ್ತ ಹೋಗುತ್ತದೆ, ಘರ್ಷಣೆ ಕೈಗೆ ತಟ್ಟುವುದಿಲ್ಲ. ಕೈ ಬಿಟ್ಟಾಗ ನಾಲಗೆ ಹಲ್ಲಿಗೆ ಕಚ್ಚಿಕೊಂಡು ಘರ್ಷಣೆಯ ವಾಷರ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಸಿಂಪ್ಲೆಕ್ಸ್ ಸ್ಪ್ರಿಂಗಿನಿಂದ ಸಾಧಿಸಿದ್ದನ್ನು ಇವರು ಹಲ್ಲಿನಿಂದ ಸಾಧಿಸಿದರು. ಈ ಹಲ್ಲುಗಳು ಗೇರಿನ ಹಂತಗಳಲ್ಲ. ತೀರ ಸಣ್ಣವಾದ್ದರಿಂದ ಎರಡು ಗೇರಿನ ನಡುವೆ ಹಲವು ಹಲ್ಲು ದಾಟುತ್ತವೆ.

ಕೈಗೆ ಇದು ಸಿಂಪ್ಲೆಕ್ಸಿನಷ್ಟು ನಯವಲ್ಲ. ಹಿಡಿತದಲ್ಲಿ ಅದಕ್ಕೆ ಸಮ, ಬಾಳಿಕೆಯಲ್ಲಿ ಒಂದು ಕೈ ಮೇಲೆ. ಒಳಗೆ ದೂಳು ಸೇರಿ ನಾಲಗೆ ಅಂಟಿಕೊಂಡರೂ ಬಿಚ್ಚಿ ತೊಳೆದು ಒಂದು ಹನಿ ತೆಳು ಎಣ್ಣೆ ಕೊಟ್ಟರೆ ಮತ್ತೆ ಕಿರಿಕಿರಿ ಸದ್ದು ಶುರು. ಮಧ್ಯಮ ಬೆಲೆಯ ಅಸಂಖ್ಯ ಸೈಕಲ್ಲುಗಳಿಗೆ ಹಾಕಿದ್ದರಿಂದ ಇಂದಿಗೂ ಹಳೆಯವು ಸುಲಭದಲ್ಲಿ, ಸಾಧಾರಣ ಬೆಲೆಗೆ ಸಿಗುತ್ತವೆ.

ಶಿಮಾನೊ: ಕ್ಲಿಕ್ ಎಂದರೆ ಒಂದು ಗೇರ್

ಸಕಾಯ್ ನಗರದಲ್ಲಿ 1921ರಲ್ಲಿ ಹುಟ್ಟಿದ ಶಿಮಾನೊ 1984ರಲ್ಲಿ ಡ್ಯುರಾ-ಏಸ್ 7400 ಸೆಟ್ಟಿನೊಂದಿಗೆ ಎಸ್‌ಐಎಸ್ ಎಂಬ ಸೂಚಿತ ಗೇರನ್ನು ತಂದಿತು. ಲಿವರಿನೊಳಗೆ ಆರು ಗೇರಿಗೆ ಆರು ಗುಳಿ. ಒಂದು ಕ್ಲಿಕ್ಕಿಗೆ ಒಂದು ಗೇರು. ಹುಡುಕಾಟವಿಲ್ಲ, ತುಸು ಹೆಚ್ಚು ಎಳೆದು ಹಿಂದೆ ಬಿಡುವ ಅಭ್ಯಾಸ ಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಅಗ್ಗದ ಸೆಟ್‌ಗಳಿಗೂ ಇದು ಇಳಿಯಿತು. 1990ರಲ್ಲಿ ಬ್ರೇಕ್ ಮತ್ತು ಗೇರ್ ಒಂದಾಗಿ ಹ್ಯಾಂಡಲ್‌ಗೆ ಏರಿದ ಎಸ್‌ಟಿಐ, 1992ರಲ್ಲಿ ಕ್ಯಾಂಪನ್ಯೋಲೊದ ಎರ್ಗೊಪವರ್ ಬಂದ ಮೇಲೆ ರೇಸಿನಲ್ಲಿ ಡೌನ್‌ಟ್ಯೂಬ್ ಲಿವರಿನ ಕಾಲ ಮುಗಿಯಿತು. ಆದರೂ ಶಿಮಾನೊ ಎಂಟು, ಒಂಬತ್ತು, ಹತ್ತು ಗೇರಿನವರೆಗೂ ಡೌನ್‌ಟ್ಯೂಬ್ ಲಿವರ್ ತಯಾರಿಸಿತು.

ಸೂಚಿತ ಗೇರು ಎಲ್ಲ ಭಾಗಗಳೂ ಹೊಂದಿಕೊಂಡು ನಡೆಯಬೇಕೆಂದು ಬಯಸುತ್ತದೆ. ಎಂಟು ಗೇರಿನ ಗುಚ್ಛದಲ್ಲಿ ಚಕ್ರದಿಂದ ಚಕ್ರಕ್ಕೆ 4.8 ಮಿಲಿಮೀಟರ್ ಅಂತರ, ಹತ್ತು ಗೇರಿನದಕ್ಕೆ 4 ಮಿಲಿಮೀಟರಿಗೂ ಕಡಿಮೆ. ಬಸ್ಸಿನ ಟಾಪಿಗೆ ಹಾಕಿ ಇಳಿಸುವಾಗ ಡಿರೇಲರ್ ತೂಗುವ ಕೊಂಡಿ ಒಂದೆರಡು ಮಿಲಿಮೀಟರ್ ಬಾಗಿದರೆ, ಕೇಬಲ್ ತುಸು ಹಿಗ್ಗಿದರೆ ಕ್ಲಿಕ್ ಒಂದು ಕಡೆ, ಚೈನು ಇನ್ನೊಂದು ಕಡೆ. 7400 ಸರಣಿಯ ಹಳೆಯ ಡ್ಯುರಾ-ಏಸ್ ಡಿರೇಲರಿಗೆ ಬೇಕಾದ ಕೇಬಲ್ ಎಳೆತವೂ ಶಿಮಾನೊದ ಬೇರೆ ಸರಣಿಗಳಿಗಿಂತ ಭಿನ್ನ, ಆದ್ದರಿಂದ ಲಿವರನ್ನೂ ಡಿರೇಲರನ್ನೂ ಜೋಡಿಯಾಗಿಯೇ ಕೊಳ್ಳಬೇಕು.

ಶಿಮಾನೊ ತಂತ್ರಜ್ಞರ ದೂರದೃಷ್ಟಿ ಕಾಣುವುದು ಇಲ್ಲೇ. ಬಲಗಡೆಯ ಲಿವರಿನ ಮೇಲೆ ಒಂದು ಬಳೆ ಇಟ್ಟರು. ಅದನ್ನು ತಿರುವಿದರೆ ಕ್ಲಿಕ್ ಮಾಯವಾಗಿ ಲಿವರ್ ಘರ್ಷಣೆಯದಾಗುತ್ತದೆ. ಹುಳಿಯಾರಿನ ಆಚೆ ಎಲ್ಲೋ ಕೊಂಡಿ ಬಾಗಿ ಗೇರು ತಪ್ಪತೊಡಗಿದರೂ ಬಳೆ ತಿರುವಿ ಕೈಯಳತೆಯಲ್ಲಿ ಗೇರ್ ಹಾಕುತ್ತ ಮನೆ ಸೇರಬಹುದು. ಹ್ಯಾಂಡಲ್ ಮೇಲಿನ ಜೋಡಿ ಲಿವರಿನಲ್ಲಿ ಈ ಅವಕಾಶವಿಲ್ಲ. ಎಡಗಡೆಯ, ಅಂದರೆ ಮುಂದಿನ ಚಕ್ರದ ಲಿವರನ್ನು ಅವರು ಘರ್ಷಣೆಯದಾಗಿಯೇ ಉಳಿಸಿದರು. ಮುಂದಿನ ಡಿರೇಲರಿನ ಪಂಜರಕ್ಕೆ ಚೈನು ತಾಗಿ ಕರಕರ ಎಂದರೆ ಕೂದಲೆಳೆಯಷ್ಟು ಸರಿಸಿ ಸದ್ದು ನಿಲ್ಲಿಸಲು ಇದೇ ಸರಿಯಾದ ವಿಧಾನ.

ಕಿವಿಯ ಪಾಠ

ಘರ್ಷಣೆಯ ಲಿವರನ್ನು ಕಲಿಯುವುದೆಂದರೆ ಕಿವಿ ಪಳಗಿಸುವುದು. ತಿಪಟೂರು ಸೀಮೆಯಲ್ಲಿ ಬಲಿತ ಕಾಯನ್ನು ಎಂಟು ತಿಂಗಳಿಂದ ಒಂದು ವರ್ಷ ಅಟ್ಟದ ಮೇಲೆ ಒಣಗಿಸಿ, ಒಳಗಿನ ನೀರು ಪೂರ್ತಿ ಬತ್ತಿ ಗಿಟುಕಾಯಿತೇ ಎಂದು ಅಲ್ಲಾಡಿಸಿ ಕೇಳುತ್ತಾರೆ. ಕರಟದೊಳಗೆ ಕೊಬ್ಬರಿ ಗುಡುಗುಟ್ಟುವ ಸದ್ದೇ ಸಾಕ್ಷಿ, ಒಡೆದು ನೋಡಬೇಕಿಲ್ಲ. ಗೇರಿನಲ್ಲೂ ಹಾಗೆಯೇ. ಚೈನು ಹಲ್ಲಿನ ಮೇಲೆ ಸರಿಯಾಗಿ ಕೂತರೆ ಒಂದೇ ಸಮನಾದ ಮೆಲುಸದ್ದು. ಅರೆಬರೆ ಕೂತರೆ ಟಿಕಟಿಕ. ಪಕ್ಕದ ಚಕ್ರಕ್ಕೆ ಉಜ್ಜುತ್ತಿದ್ದರೆ ಗರಗರ. ಲಿವರನ್ನು ಎಳೆದು, ತುಸು ಮೀರಿಸಿ, ಹಿಂದಕ್ಕೆ ಸಡಿಲಿಸಿ ಟಿಕಟಿಕ ಸದ್ದು ನಿಂತ ಕಡೆ ಕೈ ಬಿಡಬೇಕು. ಎಳೆಯುವ ಆ ಒಂದು ಕ್ಷಣ ಪೆಡಲ್ ತಿರುಗುತ್ತಿರಬೇಕು, ಕಾಲಿನ ಒತ್ತಡ ಮಾತ್ರ ಇಳಿದಿರಬೇಕು. ಕೆಲವು ವಾರ ತುಳಿದರೆ ಕೈಗೆ ಇದು ಬಂದುಬಿಡುತ್ತದೆ, ಆಮೇಲೆ ಕೆಳಗೆ ಬಗ್ಗಿ ನೋಡುವ ಪ್ರಶ್ನೆಯೇ ಇಲ್ಲ. ದೃಷ್ಟಿ ರಸ್ತೆಯ ಮೇಲೇ ಇರುತ್ತದೆ.

ಇದರ ಅಪಾಯವನ್ನೂ ಹೇಳಲೇಬೇಕು. ಗೇರ್ ಬದಲಿಸುವಾಗ ಒಂದು ಕೈ ಹ್ಯಾಂಡಲ್ ಮೇಲಿರುವುದಿಲ್ಲ. ಲಾರಿ ಹಿಂದಿಕ್ಕುವಾಗ, ನಾಯಿ ಅಡ್ಡ ಬಂದಾಗ, ರಸ್ತೆಯ ಮೇಲೆ ರಾಗಿ ಹರವಿದ್ದಾಗ, ಉಬ್ಬಿನ ಮೇಲೆ ಹಾರುವಾಗ ಲಿವರಿಗೆ ಕೈ ಹಾಕಬಾರದು. ಕೆ.ಬಿ. ಕ್ರಾಸ್, ತಿಪಟೂರು ಪೇಟೆ, ತುರುವೇಕೆರೆ ಬಸ್ ನಿಲ್ದಾಣದಂಥ ಜಾಗ ಹತ್ತಿರವಾಗುತ್ತಿದ್ದಂತೆ ನಡುವಿನ ಗೇರಿಗೆ ಬಂದು ದಾಟುವವರೆಗೂ ಅದರಲ್ಲೇ ಇರಬೇಕು. ಹೊಸಬರು ಹೆದ್ದಾರಿ ಬಿಟ್ಟು ತೋಟದ ನಡುವಿನ ಸದ್ದಿಲ್ಲದ ರಸ್ತೆಯಲ್ಲಿ ಕಲಿಯುವುದೇ ಕ್ಷೇಮ.

ಕೊಳ್ಳುವ ಮುಂಚೆ, ಬಿಚ್ಚುವ ಮುಂಚೆ

ಹಳೆಯ ಲಿವರ್ ಕೊಳ್ಳುವವರು ಮೊದಲು ತಮ್ಮ ಸೈಕಲ್ಲಿನ ಕೊಳವೆ ನೋಡಬೇಕು. ಕೊಳವೆಗೆ ಬೆಸೆದ ಪುಟ್ಟ ಗೂಟ ಇದ್ದರೆ ಅದಕ್ಕೆ ಒಪ್ಪುವ ಲಿವರ್ ಬೇಕು. ಇಲ್ಲದಿದ್ದರೆ ಪಟ್ಟಿ ಹಾಕಿ ಬಿಗಿಯುವ ಮಾದರಿ. ಸಾಮಾನ್ಯ ಉಕ್ಕಿನ ಡೌನ್‌ಟ್ಯೂಬಿನ ದಪ್ಪ 28.6 ಮಿಲಿಮೀಟರ್, ಹಳೆಯ ಫ್ರೆಂಚ್ ಸೈಕಲ್ಲುಗಳದು 28. ಪಟ್ಟಿ ಜಾರಿದರೆ ಹಿಡಿತವೆಲ್ಲ ವ್ಯರ್ಥ. ಕೇಬಲಿನ ತಲೆ ಕೂರುವ ಗೂಡು ಕೆಲವು ಲಿವರ್‌ಗಳಲ್ಲಿ ಚಿಕ್ಕದಾಗಿರುತ್ತದೆ. ದೊಡ್ಡ ತಲೆಯನ್ನು ಬಡಿದು ಕೂರಿಸಿದರೆ ಮುಂದೆ ತೆಗೆಯಲು ಬರುವುದಿಲ್ಲ. ಬೋಲ್ಟಿನ ಮರೆ ಸವೆದಿದೆಯೇ, ವಾಷರ್ ಎಲ್ಲವೂ ಇವೆಯೇ, ಚೌಕ ತೂತಿನ ವಾಷರ್ ಅಂಚು ಮೊಂಡಾಗಿದೆಯೇ ಎಂದು ಕೈಯಲ್ಲಿ ಹಿಡಿದು ನೋಡಬೇಕು. ಹೊಳಪು ಹೋಗಿದ್ದರೆ ಚಿಂತೆಯಿಲ್ಲ.

ಬಿಚ್ಚುವಾಗ ಒಂದೊಂದು ಭಾಗವನ್ನೂ ಬಂದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಡೀಸೆಲ್‌ನಲ್ಲಿ ತೊಳೆದು, ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು ಒಣಗಿಸಿ. ಘರ್ಷಣೆಯ ವಾಷರಿಗೆ ಎಣ್ಣೆ ಬಿಟ್ಟರೆ ಲಿವರ್ ಜಾರುತ್ತದೆ. ಎಣ್ಣೆ ಬೇಕಾಗುವುದು ಸನ್‌ಟೂರಿನ ನಾಲಗೆಗೆ, ಹಿಂದಿನ ಕವಚದೊಳಗಿನ ತಂತಿಗೆ. ಡಬಲ್ ಬಾರ್ ಸೈಕಲ್ಲಿನ ಕಪ್ಪು, ಕೋನು, ಬಾಲ್ಸ್ ಕಿವಿಯಿಂದಲೇ ಬಿಗಿದು ಕೂರಿಸುವ ನಮ್ಮೂರುಗಳ ಹಿರಿಯ ಮೆಕ್ಯಾನಿಕ್‌ಗಳಿಗೆ ಇದೇನೂ ಹೊಸ ವಿದ್ಯೆಯಲ್ಲ. ಒಮ್ಮೆ ಬಿಚ್ಚಿ ತೋರಿಸಿದರೆ ಸಾಕು, ಮುಂದಿನ ಸಲ ಅವರೇ ನಮಗೆ ಹೇಳಿಕೊಡುತ್ತಾರೆ.

ಹೊರಗಿನ ಜಗತ್ತೂ ಈ ಯಂತ್ರವನ್ನು ಮರೆತಿಲ್ಲ. ಇಟಲಿಯ ಗಯೋಲೆ ಇನ್ ಕಿಯಾಂತಿ ಊರಿನಲ್ಲಿ 1997ರಿಂದ ನಡೆಯುವ ಎರೋಯಿಕಾ ಸವಾರಿಗೆ 1987ಕ್ಕಿಂತ ಮುಂಚಿನ, ಡೌನ್‌ಟ್ಯೂಬ್ ಲಿವರ್ ಇರುವ ಸೈಕಲ್ಲೇ ಬೇಕೆಂಬ ನಿಯಮವಿದೆ. ಅಲ್ಲಿ ತುಳಿಯುವುದು ಟಸ್ಕನಿಯ ಬಿಳಿ ಮಣ್ಣಿನ ದಾರಿಗಳಲ್ಲಿ. ನಮ್ಮ ರಾಜ್ಯದಲ್ಲಿ ರೋಡ್ ಸೈಕ್ಲಿಂಗಿನ ನಿಜವಾದ ನೆಲ ವಿಜಯಪುರ, ಬಾಗಲಕೋಟೆ. ಅಲ್ಲಿನ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಬೆಂಗಳೂರಿನಲ್ಲಿ 200, 300, 400, 600 ಕಿಲೋಮೀಟರುಗಳ ಬ್ರೆವೆ ಸವಾರಿಗಳು ಬೇರೂರಿವೆ. 600 ಕಿಲೋಮೀಟರಿಗೆ ಸಿಗುವುದು 40 ಗಂಟೆ. ರಾತ್ರಿ ಎರಡಕ್ಕೆ ಊರಿಲ್ಲದ ರಸ್ತೆಯಲ್ಲಿ ಗೇರು ಕೆಟ್ಟರೆ ಬಿಚ್ಚಿ ನೋಡಬಹುದಾದ ಲಿವರಿನ ಬೆಲೆ ಆಗ ಗೊತ್ತಾಗುತ್ತದೆ.

ತೀರ್ಪು

ಮೊದಲು ಹೇಳಿದ ಮೂರು ಗುಣಗಳಿಗೆ ಮರಳೋಣ. ಹಿಡಿತದಲ್ಲಿ ಸಿಂಪ್ಲೆಕ್ಸ್, ಸನ್‌ಟೂರ್ ಸಮಸಮ. ಕೈಗೆ ಸಿಗುವ ನಯದಲ್ಲಿ ಸಿಂಪ್ಲೆಕ್ಸ್ ಮುಂದು. ದುರಸ್ತಿಯ ಸುಲಭದಲ್ಲಿ ಕ್ಯಾಂಪನ್ಯೋಲೊ ಮೊದಲು, ಸನ್‌ಟೂರ್ ಅದರ ಬೆನ್ನಿಗೇ. ಮೂರನ್ನೂ ಒಟ್ಟು ಹಾಕಿದಾಗ ಕಲ್ಪತರು ನಾಡಿನ ಏರಿ, ಗಾಳಿ, ದೂಳಿಗೆ ನನ್ನ ಆಯ್ಕೆ ಸನ್‌ಟೂರಿನ ಹಲ್ಲಿನ ಲಿವರ್. ಒಳ್ಳೆಯ ಸ್ಥಿತಿಯ ಸಿಂಪ್ಲೆಕ್ಸ್ ಕೈಗೆ ಸಿಕ್ಕರೆ ಅದನ್ನು ಕಪಾಟಿನಲ್ಲಿಡದೆ ತುಳಿಯಿರಿ, ಹೆದ್ದಾರಿಯ ಉದ್ದ ಓಟಕ್ಕೆ ಅದು ಹಬ್ಬ. ಹಳೆಯ ಸೈಕಲ್ಲನ್ನು ಮೂಲ ರೂಪದಲ್ಲೇ ಉಳಿಸಬೇಕೆನ್ನುವವರು ಕ್ಯಾಂಪನ್ಯೋಲೊ ಹಾಕಿಕೊಂಡು ಬೆರಳಿಗೆ ಬಳೆ ತಿರುವುವ ಅಭ್ಯಾಸ ಮಾಡಿಸಲಿ. ಮೊದಲ ಸಲ ಕಲಿಯುವವರು ಎಂಟು ಗೇರಿನ ಶಿಮಾನೊದಿಂದ ಆರಂಭಿಸಲಿ, ಕ್ಲಿಕ್ಕಿನಲ್ಲಿ ಧೈರ್ಯ ಬಂದ ಮೇಲೆ ಬಳೆ ತಿರುವಿ ಘರ್ಷಣೆಗೆ ಬರಲಿ.

ಈ ಪೈಪೋಟಿಯಲ್ಲಿ ಯಾವ ಹೆಸರು ಗೆದ್ದರೂ ನಾವು ಹೊಸ ಸೈಕಲ್ ಆರಿಸುವಾಗ ಕೇಳಬೇಕಾದ ಪ್ರಶ್ನೆಯನ್ನು ಈ ಲಿವರ್‌ಗಳೆಲ್ಲ ಕಲಿಸುತ್ತವೆ: ಇದು ನನ್ನ ಊರಿನಲ್ಲಿ ರಿಪೇರಿಯಾಗುತ್ತದೆಯೇ? ಐವತ್ತು ವರ್ಷದ ಹಿಂದೆ ವಿಚೆಂಜಾದಲ್ಲೋ ಒಸಾಕಾದ ಹೊರವಲಯದಲ್ಲೋ ಎರಕವಾದ ಲೋಹದ ತುಂಡೊಂದು ತುರುವೇಕೆರೆಯ ಅಂಗಡಿಯಲ್ಲಿ ಒಂದು ಸ್ಕ್ರೂಡ್ರೈವರಿನಿಂದ ಸರಿಹೋಗುತ್ತದೆ ಎಂದಾದರೆ, ಅದನ್ನು ಮಾಡಿದವರು ಸವಾರನನ್ನೂ ಮೆಕ್ಯಾನಿಕ್ಕನನ್ನೂ ಗೌರವಿಸಿದ್ದರು ಎಂದೇ ಅರ್ಥ. ಹೊಸ ಸೈಕಲ್ ಮಾರುವವರಿಂದಲೂ ನಾವು ಆ ಗೌರವವನ್ನು ಕೇಳಿ ಪಡೆಯಬೇಕು.